ತೂಗಿ ಸಾಕಿದ ದ್ರೋಹಿಗಳು

ಮಾರ್ಚ್ ೯, ಸೋಮವಾರ

ಡಾಕ್ಟರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೇಗೆ ಹಬ್ಬಿತು ಎಂದು ಕೇಳಿದ್ದಕ್ಕೆ, "ರಕ್ತಕ್ಕಿಳಿದ ಕ್ಯಾನ್ಸರ್ ಕಣಕ್ಕೆ ಪ್ಲೇಟ್‌ಲೆಟ್‌ಗಳು ಅಂಟ್ಕೊಂಡು ಮುಸುಕು ಹಾಕ್ತವೆ. ದೇಹದ ಕಾವಲು ಕಣಗಳ ಕಣ್ಣಿಗೆ ಬೀಳೋದೇ ಇಲ್ಲ" ಅಂದ, ಬಸ್ಸಿನ ವೇಳೆ ಹೇಳುವವನ ಹಾಗೆ.

ಬ್ಲಡ್ ಬ್ಯಾಂಕಿನಲ್ಲಿ ಇಷ್ಟು ವರ್ಷ ನಾನು ಸಾಕಿದ್ದು ಇವುಗಳನ್ನೇ. ಗಾಯದ ರಕ್ತ ನಿಲ್ಲಿಸುವವು ಎಂದು ನಂಬಿ, ಚೀಲದೊಳಗೆ ಗಂಟುಕಟ್ಟದಿರಲೆಂದು ಹಗಲೂ ರಾತ್ರಿ ಯಂತ್ರದಲ್ಲಿ ತೂಗಿಸಿದೆ, ತೊಟ್ಟಿಲ ಕೂಸುಗಳ ಹಾಗೆ. ಉಂಡ ಮನೆಗೆ ಎರಡು ಬಗೆಯುವ ಜಾತಿ.

ಮಧ್ಯಾಹ್ನ ವಾರ್ಡಿನಿಂದ ಫೋನ್. ಕೀಮೋದಿಂದ ಅಕ್ಕನ ಪ್ಲೇಟ್‌ಲೆಟ್ ನೆಲ ಕಚ್ಚಿದೆ, ವಸಡಿನ ರಕ್ತ ನಿಲ್ಲುತ್ತಿಲ್ಲ, ಒಂದು ಚೀಲ ಬೇಕು. ಯಂತ್ರದ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಒಂದೊಂದೇ ಚೀಲವನ್ನು ಬೆಳಕಿಗೆ ಹಿಡಿದು ಅಲುಗಿಸಿ, ಒಳಗೆ ಚೆನ್ನಾಗಿ ಸುಳಿ ಏಳುವುದನ್ನು ಆರಿಸಿದೆ. ಸುಳಿ ಎದ್ದರೆ ಜೀವ ಗಟ್ಟಿಯಿದೆ ಎಂದರ್ಥ. ನಾನೇ ಒಯ್ದೆ.

ಹನಿ ಇಳಿಯುವಾಗ ಅಕ್ಕ ಕೇಳಿದಳು, "ಇವು ನಮ್ಮ ಕಡೆಯವೇನೇ?"

"ಇವತ್ತಿಗೆ ಹೌದು ಕಣೇ," ಅಂದೆ.

ಸಂಜೆ ಅವಳು ಬಾಯಿ ಮುಕ್ಕಳಿಸಿ ಉಗಿದ ನೀರು ತಿಳಿಯಾಗಿತ್ತು. ಆದರೂ ಆ ದ್ರೋಹಿಗಳಿಗೆ ಒಂದು ಒಳ್ಳೆಯ ಮಾತು ಬರಲಿಲ್ಲ ನನ್ನ ಬಾಯಲ್ಲಿ. ನಾಳೆ ಮತ್ತೆ ತೂಗುತ್ತೇನೆ, ಹಲ್ಲು ಕಚ್ಚಿಕೊಂಡು.