ಹಳಿಯ ಮೇಲಿನ ನಿಂಬೆಹಣ್ಣು

ಡಲ್ಲಾಸ್

ತಂಗಿಗೆ ಅಣ್ಣನ ಆಶೀರ್ವಾದ.

ನನ್ನ ಮಗಳು ಸುಚೇತಾ ಇಲ್ಲಿ ಹೊಸ ಟ್ರಾಮ್ ಓಡಿಸುವ ಕೆಲಸದ ಇಂಜಿನಿಯರ್ ಅಲ್ಲವೇ, ಮೊದಲ ಟ್ರಯಲ್ ಕೆಟ್ಟಿತ್ತು. ಯಾರೋ ರಸ್ತೆಯಲ್ಲಿನ ಹಳಿಗೆ ತಾಗಿಸಿ ಕಾರು ನಿಲ್ಲಿಸಿದ್ದರು. ಬಸ್ಸಿನಂತೆ ಟ್ರಾಮನ್ನು ಪಕ್ಕಕ್ಕೆ ತಿರುಗಿಸಲಾದೀತೇ? ಇವತ್ತು ಎರಡನೆಯದು, ಕೆಟ್ಟರೆ ಅವಳ ಹೆಸರೂ ಕೆಟ್ಟಂತೆ. ನಾನು ನಮ್ಮ ಪದ್ಧತಿಯಂತೆ ಶುಭಕ್ಕೆಂದು ಚಕ್ರದ ಮುಂದೆ ನಿಂಬೆಹಣ್ಣಿಟ್ಟೆ. ಡ್ರೈವರ್ ಹೊರಡಲೇ ಇಲ್ಲ! "ಫಾರ್ ಆಸ್ಪಿಷಿಯಸ್ ಪರ್ಪಸ್, ಸರ್" ಎಂದೆ. ಸುಚೇತಾ ಓಡಿಬಂದು ಎಲ್ಲರೆದುರೇ ಗದರಿದಳು: "ಅಪ್ಪಾ, ಹಳಿಗೆ ಅಡ್ಡ ಬಂದ್ರೆ ಕಾರಾದ್ರೂ ಅಷ್ಟೇ, ನಿಂಬೆಹಣ್ಣಾದ್ರೂ ಅಷ್ಟೇ. ತೆಗಿ ಮೊದ್ಲು!"

ತೀರಿಹೋದ ನಿನ್ನ ಅತ್ತಿಗೆಯದೇ ದನಿ ಕಣೇ. ಎದೆ ಉಬ್ಬಿತು. ಹಣ್ಣೆತ್ತಿ ಜೇಬಿಗೆ ಹಾಕಿಕೊಂಡೆ. ಟ್ರಾಮ್ ಅಡ್ಡಿಯಿಲ್ಲದೆ ಹೋಗಿಬಂತು, ಪಾಸ್!

ನನ್ನ ಬಿಪಿ ಹತೋಟಿಯಲ್ಲಿದೆ. ಸುಚೇತಾ ಅದೇ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿ ಊಟಕ್ಕೆ ಕೂಗುತ್ತಿದ್ದಾಳೆ, ಏಳುತ್ತೇನೆ.

ನಿನ್ನ ಅಣ್ಣ