ಹಿಂದಕ್ಕೆ ಬಂದ ಕಂಬಳಿ

ಜವನಗೊಂಡನಹಳ್ಳಿ
೧೪-೨-೧೯೭೬

ಮಾಡದಕೆರೆಯ ಮಗಳು ಜುಂಜಮ್ಮನಿಗೆ ಅಪ್ಪ ಮುದ್ದಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ತಡವಾಯಿತು. ಕೈ ನೋವೇನೂ ಇರಲಿಲ್ಲ, ಸಿಟ್ಟಿತ್ತು. ಈಗಲೂ ಇದೆ. ಮೂರನೇ ಕ್ಲಾಸಿನ ಅಕ್ಷರ, ಸಾವಕಾಶ ಓದಿಕೋ.

ನನಗೆ ಕ್ಷಯ ಇಲ್ಲ. ಇದನ್ನು ನಿನ್ನ ಅತ್ತೆಗೆ ಕೇಳುವಂತೆ ಜೋರಾಗಿ ಓದು.

ಕೆಮ್ಮು ಶುರುವಾದಾಗ ಊರಿಗೆ ಊರೇ ಡಾಕ್ಟರಾಯಿತು. ನಿನ್ನ ಅಣ್ಣ ಕಾಟಯ್ಯ ನನ್ನ ತಟ್ಟೆ, ಲೋಟ ಬೇರೆ ಇಟ್ಟ. "ಅಪ್ಪಾ, ಕುರಿರೊಪ್ಪದ ಕಡೆ ಬರಬ್ಯಾಡ, ಉಣ್ಣೆ ಧೂಳು ಆಗಲ್ಲ ನಿಂಗೆ" ಅಂದ. "ಲೇ, ಆ ಧೂಳಲ್ಲೇ ಹುಟ್ಟಿದೋನು ಕಣಲೇ ನಾನು" ಅಂದೆ. ಅಷ್ಟು ಹೇಳುವಷ್ಟರಲ್ಲಿ ಮೂರು ಸಲ ಉಸಿರು ಕಟ್ಟಿತು.

ಕೊನೆಗೆ ದುರ್ಗದ ಡಾಕ್ಟರ ಹತ್ತಿರ ಹೋದೆ. ಎದೆಯ ಫೋಟೋ ತೆಗೆಸಿದರು, ಕಫ ಮೂರು ಸಲ ನೋಡಿದರು. ಕ್ಷಯದ ಹುಳ ಒಂದೂ ಇಲ್ಲ. "ಮಾತ್ರೆ ಏನಾದ್ರೂ ತಗೋತೀರಾ ಯಜಮಾನ್ರೇ?" ಅಂದರು. ರುಮಾಲಿನ ಮಡಿಕೆಯಿಂದ ಹಳದಿ ಮಾತ್ರೆ ತೆಗೆದುಕೊಟ್ಟೆ. ಕುರಿ ಹಿಂದೆ ನೀರಿಲ್ಲದೆ ಬಿಸಿಲಲ್ಲಿ ತಿರುಗಿ ಉರಿಮೂತ್ರ ಆಗುತ್ತಿತ್ತಲ್ಲ, ಅದಕ್ಕೆ ಒಬ್ಬ ಕಾಂಪೌಂಡರು ಹತ್ತು ದಿನಕ್ಕೆಂದು ಕೊಟ್ಟದ್ದು. ಉರಿ ನಿಂತಿತು, ನಾನು ನಿಲ್ಲಿಸಲಿಲ್ಲ. ಹಿರಿಯೂರು ಸಂತೆಗೆ ಹೋದಾಗಲೆಲ್ಲ ತಂದು ಒಂದೂವರೆ ವರ್ಷ ನುಂಗಿದೆ.

"ಇದೇ ನಿಮ್ಮ ಶ್ವಾಸಕೋಶ ಕೆಡಿಸಿರೋದು. ಅಪರೂಪಕ್ಕೆ ಕೆಲವರಿಗೆ ಹಿಂಗಾಗುತ್ತೆ. ಇಷ್ಟು ದಿನ ತಗೊಳ್ಳಿ ಅಂತ ಯಾರು ಹೇಳಿದ್ರು?"

"ನಿಲ್ಸು ಅಂತ ಯಾರು ಹೇಳಿದ್ರು ಸ್ವಾಮಿ?" ಅಂದೆ. ಅವರು ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿದರು.

ಮಾತ್ರೆ ಬಿಟ್ಟು ಆರು ವಾರವಾಯಿತು. ಕೆಮ್ಮು ಅರ್ಧ ಇಳಿದಿದೆ. ಒಳಗೆ ಗಾಯ ಕಟ್ಟಿದ ಭಾಗ ಇನ್ನು ಸರಿಹೋಗುವುದಿಲ್ಲವಂತೆ. ಹೋಗದಿದ್ದರೆ ಬಿಡಲಿ. ಉಳಿದ ಉಸಿರಲ್ಲೇ ನಿನ್ನೆ ರೊಪ್ಪಕ್ಕೆ ಹೋಗಿ ಮರಿಗಳಿಗೆ ಹಾಲು ಕುಡಿಸಿದೆ. ಕಾಟಯ್ಯನ ಲೋಟದಲ್ಲೇ ನೀರು ಕುಡಿದು ಅವನ ಮುಂದೆಯೇ ಕುಕ್ಕಿದೆ.

ನಿನ್ನ ಮನೆಯ ಒಲೆ ಆರದಿರಲಿ, ಮಗು ಕಾಲೂರಿ ಗಟ್ಟಿಯಾಗಲಿ.

ನಿನ್ನ ಅಪ್ಪ,
ಮುದ್ದಪ್ಪ

ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಮಗಳ ಚೊಚ್ಚಲ ಕೂಸಿನ ತೊಟ್ಟಿಲಿಗೆ ತವರಿನ ಮರಿಗಳ ಮೊದಲ ಉಣ್ಣೆಯ ಕಂಬಳಿ ಹಾಸುವುದು ನಮ್ಮ ಮನೆತನದ ಪದ್ಧತಿ. ಏದುಸಿರು ಬಿಡುತ್ತಲೇ ಆ ಉಣ್ಣೆ ನೂತವನು ನಾನು. ನೀನು ಅದನ್ನು ಕಾಗದದ ಜೊತೆ ಹಿಂದಕ್ಕೆ ಕಳಿಸಿದೆ. ಬಿಚ್ಚಿದರೆ ಫಿನಾಯಿಲ್ ವಾಸನೆ. ಅಂದರೆ ತೊಳೆದೂ ನೋಡಿದ್ದೀಯ. ಆಮೇಲೂ ಹಾಸಲು ಮನಸ್ಸು ಬಂದಿಲ್ಲ. ಬರುವ ಸೋಮವಾರ ಅದೇ ಕಂಬಳಿ ಹೆಗಲಿಗೆ ಹಾಕಿಕೊಂಡು ಬರುತ್ತೇನೆ. ಮಗುವನ್ನು ನನ್ನ ಕೈಗೇ ಕೊಡಬೇಕು. ಬಾಗಿಲಾಚೆ ನಿಂತು ನೋಡಿ ಬರುವ ತಾತ ನಾನಲ್ಲ.