ಚೀಟಿಯ ಮೇಲಿನ ಹೆಂಗಸು

ಮಾದಾಪುರ
ಭಾನುವಾರ, ಬೆಳಿಗ್ಗೆ

ಮುದ್ದಿ ಅಕ್ಕಾ,

ಈ ಕಾಗದ ಕೈಗೆ ಸಿಕ್ಕ ಕೂಡಲೇ ಒಲೆಗೆ ಹಾಕಬೇಡ. ಹಾಕಲೇಬೇಕು ಅನಿಸಿದರೆ ಓದಿಯಾದ ಮೇಲೆ ಹಾಕು. ನೀನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುವವಳು ಎಂದು ಗೊತ್ತಿದ್ದೂ ಉದ್ದಕ್ಕೆ ಬರೆಯುತ್ತಿದ್ದೇನೆ. ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ಇದು ನಾಲ್ಕನೆಯ ಕಾಗದ, ಮೊದಲಿನ ಮೂರನ್ನೂ ಹರಿದು ಹಾಕಿದೆ. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ತಿಳಿಯುವುದಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಅನ್ನಕ್ಕೆ ಅಕ್ಕಿ ತೊಳೆದಿಟ್ಟಿದ್ದೇನೆ. ಅಶೋಕ್ ಎರಡೂ ಪಾತ್ರೆ ನೋಡಿ, ಇವತ್ತು ನೆಂಟರು ಬರುತ್ತಾರಾ ಎಂದು ಕೇಳಿದರು.

ಎದುರಿಗೇ ಬಂದು ಹೇಳಬಹುದಿತ್ತು, ನಿಜ. ಎರಡು ಸಲ ಹೊರಟೆ ಕೂಡ. ಎರಡು ಸಲವೂ ನಿಮ್ಮ ಲೈನು ಮನೆಗಳ ಮುಂದಿರುವ ಕಾಫಿ ಕಣದವರೆಗೆ ಬಂದು, ನಿನ್ನ ಬಾಗಿಲು ತೆರೆದಿರುವುದನ್ನು ಕಂಡು ತಿರುಗಿಬಿಟ್ಟೆ. ಒಳಗೆ ನೀನು ಯಾರಿಗೋ ಜೋರಾಗಿ ಬೈಯುತ್ತಿದ್ದೆ. ನನ್ನನ್ನು ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. ನೀನು ನನ್ನನ್ನು ಬೈಯದೆ ಎದ್ದು ಹೋದೆಯಲ್ಲ, ಅದಕ್ಕೆ ಈಗ ಮೂರು ವಾರ.

ಅವತ್ತು ಪ್ರೆಸ್ಸಿನಿಂದ ಹೊಸ ಚೀಟಿಗಳು ಬಂದಿದ್ದವು. ನಾವು ಹೊಲಿದ ಒಂದೊಂದು ಚೀಲಕ್ಕೂ ಒಂದೊಂದನ್ನು ದಾರದಲ್ಲಿ ಕಟ್ಟಿ ಸಾಲಾಗಿ ತೂಗುಹಾಕಿದ್ದೆ. ಸೋಮವಾರಪೇಟೆಯ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಆ ಬೆಂಕಿಪೊಟ್ಟಣದಂಥ ಅಂಗಡಿಯೂ ಒಂದು ಘಳಿಗೆ ದೊಡ್ಡದಾಗಿ ಕಂಡು ನಾನು ಉಬ್ಬಿಹೋಗಿದ್ದೆ. ಹೋಂಸ್ಟೇಗೆ ಬಂದಿದ್ದ ಇಬ್ಬರು ಹೆಂಗಸರು ಚೀಲ ನೋಡುತ್ತಿದ್ದರು. ನೀನು ಸಂತೆ ಮುಗಿಸಿ ಬಂದೆ. ಕೈಚೀಲ ಕೆಳಗಿಟ್ಟೆ. ಚೀಟಿಯ ಮೇಲೆ ನಿನ್ನ ಮುಖ ಕಂಡು ಮೊದಲು ನಕ್ಕೆ. ಆಮೇಲೆ ಬೆರಳಿಟ್ಟು ಓದತೊಡಗಿದೆ.

ನೀನು ಮನಸ್ಸಿನಲ್ಲೇ ಓದುವವಳಲ್ಲ. ಅ, ಸ, ಹಾ, ಯ, ಕ ಎಂದು ಒಂದೊಂದಾಗಿ, ಎಲ್ಲರಿಗೂ ಕೇಳುವಂತೆ ಓದಿದೆ. ‘ಕಾಡಂಚಿನ ಅಸಹಾಯಕ ಮಹಿಳೆಯ ಬಾಳಿಗೆ ಈ ಚೀಲವೇ ಆಸರೆ. ಕೊಂಡು ಅವಳ ಕಣ್ಣೀರು ಒರೆಸಿ.’ ಅಷ್ಟನ್ನು ಓದಲು ನಿನಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟೂ ಹೊತ್ತು ನಾನು ಅಲ್ಲೇ ನಿಂತಿದ್ದೆ. ಆ ಇಬ್ಬರು ಹೆಂಗಸರು ನಿನ್ನನ್ನೂ ಚೀಟಿಯನ್ನೂ ಸರದಿಯಂತೆ ನೋಡಿ, ಒಬ್ಬಳು ‘ಅಯ್ಯೋ ಪಾಪ’ ಎಂದಳು. ನನ್ನ ಕಣ್ಣ ಮುಂದೆಯೇ, ನನ್ನ ಅಂಗಡಿಯಲ್ಲಿ, ನಿನ್ನನ್ನು ನೋಡಿ ‘ಅಯ್ಯೋ ಪಾಪ’ ಎನ್ನುವಂತೆ ಮಾಡಿದೆನಲ್ಲ ಅಕ್ಕ.

“ಅನೂ, ಇದ್ರಲ್ಲಿರೋದು ನಾನೇ ತಾನೆ? ನಿನ್ ಮುಂದೆ ನಾನ್ ಯಾವತ್ತು ಅತ್ತಿದೀನಿ?”

ಉತ್ತರಕ್ಕೆ ನಾನು ಏನೆಂದೆ ಎಂದು ನಿನಗೆ ನೆನಪಿರುತ್ತದೆ. ಇದೆಲ್ಲ ವ್ಯಾಪಾರಕ್ಕೆ ಅಕ್ಕ, ಎಲ್ಲರೂ ಹೀಗೇ ಹಾಕುತ್ತಾರೆ ಎಂದೆ. ಚೀಟಿಗಿಂತ ಆ ಮಾತು ಕೆಟ್ಟದಾಗಿತ್ತು. ನೀನು ಕೈಚೀಲದಿಂದ ಹೊಲಿಗೆಯ ಬೆರಳತೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟೆ, ಕತ್ತರಿಯನ್ನು ಅದರ ಪಕ್ಕಕ್ಕಿಟ್ಟೆ.

“ನೀನ್ ಯಾಕ್ ಹೊಲಿತಿದೀಯ ಅಂತ ನಂಗೊತ್ತು, ನಿಂಗೊತ್ತು. ಅದನ್ನ ಬರಿ. ಬರಿಯಕ್ಕಾಗ್ದಿದ್ರೆ ಖಾಲಿ ಬಿಡು. ನನ್ ಮೂತಿ ಹಾಕ್ಬೇಡ.”

ಇನ್ನೂ ಒಂದು ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತೇನೆ, ನಿನಗೆ ಗೊತ್ತಿರಲಾರದು. ನನ್ನ ಫೋನಿನಲ್ಲಿ ನಿನ್ನ ಫೋಟೋಗಳು ಹತ್ತಾರಿವೆ. ಬಹುತೇಕ ಎಲ್ಲದರಲ್ಲೂ ನೀನು ಬಾಯಿ ತುಂಬ ನಗುತ್ತಿದ್ದೀಯ. ಅವನ್ನೆಲ್ಲ ಬಿಟ್ಟು, ಬಿಸಿಲಿಗೆ ನೀನು ಮುಖ ಕಿವಿಚಿದ್ದ ಒಂದೇ ಒಂದನ್ನು ಹುಡುಕಿ ಪ್ರೆಸ್ಸಿಗೆ ಕೊಟ್ಟವಳು ನಾನು. ಯಾರೂ ಹೇಳಿಕೊಟ್ಟದ್ದಲ್ಲ.

ಸಣ್ಣ ವ್ಯಾಪಾರದವರಿಗೆ ತರಬೇತಿ ಕೊಡುವ ಅಭಿಲಾಷ್ ನಿನಗೂ ಗೊತ್ತು, ಒಂದು ಸಲ ಅಂಗಡಿಗೆ ಬಂದು ನಿನ್ನ ಕೈಯ ಕಾಫಿ ಕುಡಿದು ಹೋದವರು. ಅವರದ್ದು ಒಂದೇ ಪ್ರಶ್ನೆ, ನೀವು ಇದನ್ನು ಯಾಕೆ ಮಾಡುತ್ತೀರಿ ಎಂದು. ಏನು ಮಾಡುತ್ತೀರಿ ಎಂಬುದು ಚೀಲ ನೋಡಿದರೆ ಗೊತ್ತಾಗುತ್ತದಂತೆ, ಯಾಕೆ ಎಂಬುದನ್ನು ನಾವೇ ಬಾಯಿಬಿಟ್ಟು ಹೇಳಬೇಕಂತೆ. ತರಗತಿಯಲ್ಲಿ ಎಲ್ಲರೂ ಫಟಫಟನೆ ಬರೆದರು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕೂತಿದ್ದೆ. ನನಗೆ ಕಾರಣ ಗೊತ್ತಿರಲಿಲ್ಲ ಎಂದಲ್ಲ, ಬರೆಯುವ ಧೈರ್ಯವಿರಲಿಲ್ಲ. ಅದನ್ನು ಹೊರಗೆ ಹಾಕಲಾರದೆ ನಿನ್ನನ್ನು ಮುಂದಕ್ಕೆ ತಳ್ಳಿದೆ.

ನಾಲ್ಕು ವರ್ಷದ ಹಿಂದಿನ ಆ ಡಿಸೆಂಬರ್ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಎಂಟನೇ ತಿಂಗಳಲ್ಲಿ ಆಸ್ಪತ್ರೆಗೆ ಹೋದವಳು ಬರಿಗೈಯಲ್ಲಿ ಮನೆಗೆ ಬಂದೆ. ಹೆಣ್ಣು ಎಂದಷ್ಟೇ ಹೇಳಿದರು. ನೋಡುವುದು ಬೇಡ, ನೋಡಿದರೆ ಮರೆಯುವುದು ಕಷ್ಟ ಎಂದು ಹಿರಿಯರು ತೀರ್ಮಾನಿಸಿದರು. ಮಗುವನ್ನು ಅದರ ಅಪ್ಪ, ಅಶೋಕ್, ಮಣ್ಣಿಗೆ ಎತ್ತಿಕೊಂಡು ಹೋದರು. ಮನೆಗೆ ಬಂದವರೆಲ್ಲ ಕಾಫಿ ರೇಟು, ರಸ್ತೆ, ಚಳಿ ಅಂತ ಇರುವುದನ್ನೆಲ್ಲ ಮಾತಾಡಿದರು. ನಾನು ಹಾಲು ಇಂಗಲೆಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಮನೆಯ ಹಿಂದಿನ ಎಸ್ಟೇಟಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮ್ಮನೆ ಸುತ್ತುತ್ತಿದ್ದೆ.

ನಾಲ್ಕನೆಯ ದಿನ ನೀನು ಅಡ್ಡಗಟ್ಟಿದೆ. ಸೀರೆಯ ಮೇಲೆ ಗಂಡಸರ ಹಳೇ ಶರ್ಟು, ತಲೆಗೆ ಟವಲು. ಇಲ್ಲೆಲ್ಲ ಆನೆಗಳು ತಿರುಗುತ್ತವೆ, ಸುಮ್ಮನೆ ಅಲೆಯುವುದಾದರೆ ಕಾಫಿ ಹಣ್ಣನ್ನಾದರೂ ಕುಯ್ಯಿ ಎಂದು ಗದರಿಸಿ, ನಿನ್ನ ಸೊಂಟದ ಪಿಕಿಂಗ್ ಚೀಲ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದೆ. ನೀನು ನಿನ್ನ ಸೆರಗನ್ನೇ ಎತ್ತಿ ಸಿಕ್ಕಿಸಿಕೊಂಡು ಕುಯ್ಯತೊಡಗಿದೆ. ಆ ಚೀಲದ ಗಂಟು ಹಾಕುವುದನ್ನು ಕಲಿಸಿದ್ದೂ ಅವತ್ತೇ. ಎಷ್ಟೇ ಭಾರಕ್ಕೂ ಜಾರಬಾರದು, ಆದರೆ ಆನೆ ಬಂದಾಗ ಒಂದೇ ಕೈಯಲ್ಲಿ ಒಂದೇ ಸಲ ಎಳೆದರೆ ಬಿಚ್ಚಿ ಬಿದ್ದು, ಹಣ್ಣು ಅಲ್ಲೇ ಬಿಟ್ಟು ಓಡುವಂತಿರಬೇಕು. ನನ್ನ ಕೈಗೆ ಬರುವವರೆಗೆ ಹತ್ತು ಸಲ ಹಾಕಿಸಿದೆ.

ಮಧ್ಯಾಹ್ನದ ಹೊತ್ತಿಗೆ ಚೀಲ ತುಂಬಿತು. ಅಕ್ಕ, ಇದನ್ನು ಹೇಗೆ ಬರೆಯಲಿ? ಹೊಟ್ಟೆಯ ಮುಂದೆ ಭಾರ ಇತ್ತು. ನಡೆದರೆ ಭಾರವೂ ಜೊತೆಗೆ ಅಲುಗುತ್ತಿತ್ತು. ನಾನು ಎರಡೂ ಕೈಗಳನ್ನು ಅದರ ಅಡಿಗೆ ಕೊಟ್ಟು ನಿಂತುಬಿಟ್ಟೆ. ಕಣದಲ್ಲಿ ಲೆಕ್ಕ ಬರೆಯುವ ರೈಟರ್ ತೂಕಕ್ಕೆ ಕೂಗುತ್ತಿದ್ದರು, ಎಲ್ಲರೂ ಸಾಲಿಗೆ ಹೋದರು. ನೀನು ನನ್ನನ್ನೊಮ್ಮೆ ನೋಡಿ, ಇವಳದ್ದು ಆಮೇಲೆ ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ಚೀಲ ಖಾಲಿ ಮಾಡು ಎನ್ನಲಿಲ್ಲ. ನನಗೆ ಸಾಕಾಗುವವರೆಗೆ ನಿಲ್ಲಲು ಬಿಟ್ಟೆ. ಅವತ್ತು ರಾತ್ರಿ ನಾನು ನಿದ್ದೆ ಮಾಡಿದೆ.

ಸೀಮಂತದ ಹಸಿರು ಸೀರೆ ಕತ್ತರಿಸಿ ನಾನು ಮೊದಲನೆಯ ಚೀಲ ಹೊಲಿದಾಗ ಕತ್ತರಿ ತಂದುಕೊಟ್ಟವಳು ನೀನು. ಅದಾದ ಮೇಲೆ ಇನ್ನೊಂದು, ಮತ್ತೊಂದು. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತಿತ್ತು. ಯಾರೋ ಚೆನ್ನಾಗಿದೆ ಎಂದರು, ಯಾರೋ ಕೊಂಡರು, ಅಂಗಡಿಯಾಯಿತು, ಬೋರ್ಡಾಯಿತು. ಪೇಟೆಯವರಿಗೆ ಗಂಟು ಚೆನ್ನಾಗಿ ಕಾಣುವುದಿಲ್ಲ ಎಂದು ಹಿತ್ತಾಳೆಯ ಬಕಲ್ ಹಾಕಿದೆ. ಇದನ್ನು ಬಿಚ್ಚಲು ಎರಡು ಕೈ ಬೇಕಲ್ಲ ಎಂದು ನೀನು ಮುಖ ಸಿಂಡರಿಸಿದೆ. ಬೆಂಗಳೂರಿನಲ್ಲಿ ಆನೆ ಎಲ್ಲಿದೆ ಅಕ್ಕ ಎಂದು ನಾನು ನಕ್ಕೆ. ಆಗಿನಿಂದಲೇ ನಾನು ದಾರಿ ತಪ್ಪಿದ್ದೆ ಅನಿಸುತ್ತದೆ. ಏನನ್ನು ಯಾಕೆ ಮಾಡುತ್ತಾರೆ ಎಂದು ತಿಳಿದ ನಿನ್ನಂಥವಳು ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದರೂ, ಯಾಕೆ ಎಂಬುದನ್ನು ಕಲಿಯಲು ನಾನು ತರಗತಿಗೆ ಹೋದೆ.

ನೆನ್ನೆ ಮಡಿಕೇರಿಯಲ್ಲಿ ಮೈಸೂರಿನ ಒಂದು ದೊಡ್ಡ ಅಂಗಡಿಯವರು ತಮ್ಮಲ್ಲಿ ಮಾರುವ ಸರಕು ಆರಿಸಲು ಬಂದಿದ್ದರು. ನಮ್ಮಂಥ ಹದಿನೈದು ಮಂದಿ, ಒಬ್ಬೊಬ್ಬರಿಗೆ ಐದೈದು ನಿಮಿಷ. ಕೊಡಗಿನ ಪರಂಪರೆ, ಮಹಿಳಾ ಸಬಲೀಕರಣ ಎಂದೆಲ್ಲ ಅಭಿಲಾಷ್ ಒಂದು ಕಾರ್ಡಿನಲ್ಲಿ ಬರೆದುಕೊಟ್ಟಿದ್ದರು. ನನ್ನ ಸರದಿ ಬರುವವರೆಗೆ ನಾಲ್ಕು ಸಲ ಹೊರಗೆ ಹೋಗಿ ನೀರು ಕುಡಿದೆ. ಎದ್ದು ನಿಂತಾಗ ಕಾರ್ಡು ಬೆವರಿಗೆ ಮೆತ್ತಗಾಗಿತ್ತು, ಓದುವ ಮನಸ್ಸಾಗಲಿಲ್ಲ.

ನನ್ನ ಮಗು ಹುಟ್ಟುವ ಮೊದಲೇ ಹೋಯಿತು ಎಂದೆ. ಕಾಫಿ ಕುಯ್ಯುವ ಒಬ್ಬ ಹೆಂಗಸು ತನ್ನ ಚೀಲ ಬಿಚ್ಚಿ ನನಗೆ ಕಟ್ಟಿದರು, ಅವರಿಗೆ ನಾನು ಆಸರೆಯಲ್ಲ, ಅವರೇ ನನಗೆ ಆಸರೆ, ಅವರ ಒಪ್ಪಿಗೆ ಕೇಳಿಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ ಎಂದೆ. ಖಾಲಿ ಹೊಟ್ಟೆಯ ಮುಂದೆ ಒಂದಿಷ್ಟು ಭಾರ ಬೇಕಿತ್ತು, ಅದಕ್ಕೇ ಹೊಲಿದೆ, ಇವತ್ತಿಗೂ ಪ್ರತಿ ಚೀಲವನ್ನೂ ನನ್ನ ಸೊಂಟಕ್ಕೆ ಕಟ್ಟಿ ನೋಡದೆ ಮಾರುವುದಿಲ್ಲ ಎಂದೆ. ಅಸಹಾಯಕ ಹೆಂಗಸು ಎಂದು ಚೀಟಿಯಲ್ಲಿ ಯಾರ ಫೋಟೋವನ್ನಾದರೂ ಹಾಕುವುದಿದ್ದರೆ ನನ್ನದನ್ನೇ ಹಾಕಬೇಕಿತ್ತು ಎಂದೂ ಹೇಳಿದೆ. ಅಂಗಡಿಯವರಲ್ಲಿ ಒಬ್ಬರು ಫೋನು ನೋಡುತ್ತಿದ್ದರು. ಇನ್ನೊಬ್ಬರು ಮೂಗು ಒರೆಸಿಕೊಂಡು, ತಿಳಿಸುತ್ತೇವೆ ಎಂದರು. ತಿಳಿಸುತ್ತಾರೋ ಇಲ್ಲವೋ, ನನಗೆ ಈಗ ಅದರ ಕಡೆ ಗಮನವೇ ಇಲ್ಲ.

ಹಳೆಯ ಚೀಟಿಗಳನ್ನೆಲ್ಲ ಕತ್ತರಿಸಿ ತೆಗೆದಿದ್ದೇನೆ. ಹೋಂಸ್ಟೇಗಳಿಗೆ ಕೊಟ್ಟಿದ್ದ ಚೀಲಗಳನ್ನೂ ಅಶೋಕ್ ಪಿಕಪ್‌ನಲ್ಲಿ ಹೋಗಿ ವಾಪಸ್ ತಂದರು. ನನ್ನದು ತಪ್ಪಾಯಿತು ಅಕ್ಕ. ವ್ಯಾಪಾರದ ತಪ್ಪಲ್ಲ, ನಿನಗೆ ಮಾಡಿದ ತಪ್ಪು. ಕೆಲಸಕ್ಕೆ ಬಾ ಎಂದು ಕರೆಯುತ್ತಿಲ್ಲ. ಬಂದು ಬೈದು ಹೋಗು, ಅಷ್ಟು ಸಾಕು.

ಇಷ್ಟೇ ಆಗಿದ್ದರೆ ಒಂದು ಕಾಗದದಲ್ಲೇ ಮುಗಿಯುತ್ತಿತ್ತು, ಮೂರು ಹರಿಯುತ್ತಿರಲಿಲ್ಲ. ಇನ್ನೊಂದು ವಿಷಯವಿದೆ. ನಾನು ಮಾತಾಡುವಾಗ ಅಶೋಕ್ ಸಭೆಯ ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದರು. ಬರುವಾಗ ರಸ್ತೆಯನ್ನಷ್ಟೇ ನೋಡುತ್ತಾ ಗಾಡಿ ಓಡಿಸಿದರು. ಸಿಟ್ಟು ಬಂದಿರಬೇಕು, ಮನೆಯ ವಿಷಯ ಬೀದಿಗೆ ತಂದೆ ಎಂದುಕೊಂಡಿರಬೇಕು ಎಂದು ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಹಟ್ಟಿಹೊಳೆ ದಾಟಿದ ಮೇಲೆ ಗಾಡಿಯನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದರು. ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ, ನನ್ನ ಕಡೆ ನೋಡದೆ ಹೇಳಿದರು.

“ತಲೆ ತುಂಬ ಕೂದ್ಲಿತ್ತು ಕಣೆ ಅದಕ್ಕೆ. ನಿನ್ ಥರಾನೇ, ಸುರುಳಿ ಸುರುಳಿ.”

ನಾಲ್ಕು ವರ್ಷ, ಅಕ್ಕ. ಹೇಳಿದರೆ ನಾನು ಮುರಿದುಹೋಗುತ್ತೇನೆ ಎಂದು ಅವರು ಇಟ್ಟುಕೊಂಡಿದ್ದರು. ನಾನು ಕೇಳಿದರೆ ಅವರು ಮುರಿದುಹೋಗುತ್ತಾರೆ ಎಂದು ನಾನು ಕೇಳಿರಲಿಲ್ಲ. ಇಬ್ಬರೂ ರಸ್ತೆಯ ಪಕ್ಕದಲ್ಲಿ, ಹಾಡಹಗಲೇ, ಬಸ್ಸಿನವರೆಲ್ಲ ನೋಡುತ್ತಾ ಹೋಗುವಾಗ ಕೂತು ಅತ್ತೆವು. ಬೆರಳುಗಳು ಹೇಗಿದ್ದವು, ಬಣ್ಣ ಯಾವುದು ಎಂದು ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು.

ಇದನ್ನು ಯಾರಿಗಾದರೂ ಹೇಳದೆ ಇರಲು ಆಗುತ್ತಿಲ್ಲ, ನಿನಗಿಂತ ಮೊದಲು ಯಾರಿಗೂ ಹೇಳಲೂ ಮನಸ್ಸಿಲ್ಲ. ಬೆಳಿಗ್ಗೆಯಿಂದ ಕಾಲು ನಿಲ್ಲದಿರುವುದು ಇದಕ್ಕೇ. ನಿನ್ನ ಮಂಡಿನೋವು ಇಳಿಯಲಿ, ಉಣ್ಣುವ ಅನ್ನ ಮೈಗೆ ಹತ್ತಲಿ, ನಿನ್ನ ನಗು ಹಾಗೇ ಇರಲಿ.

ಅಕ್ಕ, ನನ್ನ ಮಗಳಿಗೆ ಸುರುಳಿ ಕೂದಲಿತ್ತಂತೆ.

ನಿನ್ನ,
ಅನು